ಆಸ್ಪತ್ರೆ ಕೈಬದಲಾದಾಗ ಚಿಕಿತ್ಸೆಯ ನಡುವಿನಲ್ಲಿರುವವರು

ಮಾನ್ಯ ಸಂಪಾದಕರೇ,

ಖಾಸಗಿ ಆಸ್ಪತ್ರೆಗಳ ಖರೀದಿ ಮತ್ತು ವಿಲೀನದ ಸುದ್ದಿ ವಾಣಿಜ್ಯ ಪುಟದಲ್ಲಿ ಬಂದು ಅಲ್ಲಿಯೇ ಮುಗಿಯುತ್ತದೆ. ಹಾಸಿಗೆ ಎಷ್ಟು, ಷೇರಿನ ಬೆಲೆ ಎಷ್ಟು ಎಂಬುದು ತಿಳಿಯುತ್ತದೆಯೇ ಹೊರತು, ಆ ಆಸ್ಪತ್ರೆಯಲ್ಲಿ ಕಿಮೊಥೆರಪಿಯ ಮೂರನೇ ಸುತ್ತಿನಲ್ಲಿರುವ ರೋಗಿಯ ಖರ್ಚು ಏನಾಗುತ್ತದೆ, ಅವರನ್ನು ನೋಡುತ್ತಿರುವ ತಜ್ಞವೈದ್ಯರು ಅಲ್ಲಿಯೇ ಉಳಿಯುತ್ತಾರೆಯೇ ಎಂಬುದು ತಿಳಿಯುವುದಿಲ್ಲ.

ಮಣಿಪಾಲ್ ಸಮೂಹವು 2021ರಲ್ಲಿ ಕೊಲಂಬಿಯಾ ಏಷ್ಯಾದ ಭಾರತದ ಆಸ್ಪತ್ರೆಗಳನ್ನು ಕೊಂಡಿತು. ಬೆಂಗಳೂರಿನ ಹೆಬ್ಬಾಳ, ಯಶವಂತಪುರ, ವೈಟ್‌ಫೀಲ್ಡ್ ಮತ್ತು ಮೈಸೂರಿನ ಶಾಖೆಗಳು ಅದರಲ್ಲಿದ್ದವು. 2023ರಲ್ಲಿ ಆ ಸಮೂಹದ ಬಹುಪಾಲು ಒಡೆತನವೇ ಸಿಂಗಪುರದ ಹೂಡಿಕೆ ಸಂಸ್ಥೆ ಟೆಮಾಸೆಕ್‌ಗೆ ಹೋಯಿತು. 1989ರಲ್ಲಿ ಬೆಂಗಳೂರಿನಲ್ಲಿ ವೈದ್ಯರೇ ಸೇರಿ ಕಟ್ಟಿದ ಕ್ಯಾನ್ಸರ್ ಸಂಸ್ಥೆಯಿಂದ ಬೆಳೆದ ಎಚ್‌ಸಿಜಿ ಆಸ್ಪತ್ರೆ ಸಮೂಹ 2020ರಲ್ಲಿ ಸಿವಿಸಿ ಎಂಬ ಹೂಡಿಕೆ ಸಂಸ್ಥೆಯ ಹಿಡಿತಕ್ಕೆ ಬಂತು. ಎಚ್‌ಸಿಜಿಯ ಶೇ 54ರವರೆಗಿನ ಪಾಲನ್ನು ಸಿವಿಸಿಯಿಂದ ಸುಮಾರು 40 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಅಮೆರಿಕದ ಹೂಡಿಕೆ ಸಂಸ್ಥೆ ಕೆಕೆಆರ್ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಇವೆಲ್ಲವೂ ಕಾನೂನುಬದ್ಧ ವ್ಯವಹಾರಗಳು, ಬಂಡವಾಳ ಬಂದರೆ ಹೊಸ ಯಂತ್ರಗಳೂ ಬರುತ್ತವೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ಆತಂಕ ಬೇರೆ. ಇಂಥ ವ್ಯವಹಾರವನ್ನು ಪರಿಶೀಲಿಸುವ ಭಾರತೀಯ ಸ್ಪರ್ಧಾ ಆಯೋಗವು, ಒಂದು ಊರಿನಲ್ಲಿ ರೋಗಿಗೆ ಬೇರೆ ಆಸ್ಪತ್ರೆಗಳ ಆಯ್ಕೆ ಉಳಿಯುತ್ತದೆಯೇ ಎಂದು ನೋಡುತ್ತದೆ. ಮೊಣಕಾಲು ಶಸ್ತ್ರಚಿಕಿತ್ಸೆಗೆ ಆ ಲೆಕ್ಕ ಸರಿ. ದರ ಹೆಚ್ಚೆನಿಸಿದರೆ ಪಕ್ಕದ ಆಸ್ಪತ್ರೆಗೆ ಹೋಗಬಹುದು. ಕ್ಯಾನ್ಸರ್ ಚಿಕಿತ್ಸೆ ಹಾಗಲ್ಲ. ವಿಕಿರಣ ಚಿಕಿತ್ಸೆ ಆರಂಭಿಸುವ ಮುನ್ನ, ತಲೆ ಅಥವಾ ಕುತ್ತಿಗೆಯ ಕ್ಯಾನ್ಸರ್ ಆದರೆ ರೋಗಿಯ ಮುಖ ಅಲುಗದಂತೆ ಅದರ ಅಳತೆಗೆ ಮಾಸ್ಕ್ ಮಾಡಿ, ಸ್ಕ್ಯಾನ್ ತೆಗೆದು, ಆ ಆಸ್ಪತ್ರೆಯ ಯಂತ್ರಕ್ಕೆ ತಕ್ಕಂತೆ ಯೋಜನೆ ಸಿದ್ಧಪಡಿಸುತ್ತಾರೆ. ಇಪ್ಪತ್ತೈದು ಮೂವತ್ತು ದಿನಗಳ ಆ ಚಿಕಿತ್ಸೆಯನ್ನು ನಡುವೆ ಬಿಟ್ಟು ಬೇರೆಡೆಗೆ ಹೋಗುವುದೆಂದರೆ ಯೋಜನೆಯನ್ನು ಹೊಸದಾಗಿ ಮಾಡಿಸಬೇಕು, ಅದಕ್ಕೆ ಮತ್ತೆ ದುಡ್ಡು ಕಟ್ಟಬೇಕು, ಎಲ್ಲಕ್ಕಿಂತ ಹೆಚ್ಚಾಗಿ ದಿನಗಳು ಕೈಬಿಟ್ಟುಹೋಗುತ್ತವೆ. ಹೀಗಾಗಿ ಊರಿನಲ್ಲಿ ಹತ್ತು ಆಸ್ಪತ್ರೆಗಳಿದ್ದರೂ ಈ ರೋಗಿಗೆ ಇರುವುದು ಒಂದೇ.

ಆಸ್ಪತ್ರೆಯೊಂದರ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ, ದರ ಏರುವುದು ಫಲಕದ ಮೇಲಲ್ಲ ಎಂಬುದು ಗೊತ್ತು. ಹೊಸ ಆಡಳಿತ ಬಂದ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಗುತ್ತದೆ, ಅದರೊಂದಿಗೆ ದರಪಟ್ಟಿಯೂ ಬದಲಾಗುತ್ತದೆ. ಮೊದಲು ‘ಡೇ ಕೇರ್ ಶುಲ್ಕ’ ಎಂಬ ಒಂದೇ ಸಾಲಿದ್ದಲ್ಲಿ ಔಷಧ ಬೆರೆಸುವ ಶುಲ್ಕ, ಡ್ರಿಪ್ ಹಾಕುವ ಶುಲ್ಕ, ಮೇಲ್ವಿಚಾರಣೆ, ಪೋರ್ಟ್ (ಔಷಧ ಹರಿಸಲು ಚರ್ಮದಡಿ ಕೂರಿಸುವ ಸಾಧನ) ತೊಳೆಯುವ ಕಿಟ್ ಎಂದು ನಾಲ್ಕು ಸಾಲುಗಳಾಗುತ್ತವೆ. ಕೊಠಡಿಯ ದರ್ಜೆಗೆ ಹೊಸ ಹೆಸರು ಕೊಟ್ಟು ಬಾಡಿಗೆ ಏರಿಸಿದರಂತೂ, ವಿಮೆಯಲ್ಲಿ ಬಾಡಿಗೆಗೆ ಮಿತಿಯಿರುವ ರೋಗಿಗೆ ವೈದ್ಯರ ಶುಲ್ಕದಂಥ ಬಾಬ್ತುಗಳಿಗೆ ವಿಮಾ ಕಂಪನಿ ಕೊಡುವ ಹಣದಲ್ಲೂ ಅದೇ ಅನುಪಾತದ ಕಡಿತ ಬೀಳುತ್ತದೆ. ಅತ್ತ, ಆಸ್ಪತ್ರೆಗಳು ಒಂದಾಗಿ ಔಷಧವನ್ನು ಸಗಟಿನಲ್ಲಿ ಕೊಂಡಾಗ ಸಿಗುವ ರಿಯಾಯಿತಿ ರೋಗಿಯ ಬಿಲ್ಲಿಗೆ ಇಳಿಯಬೇಕೆಂದೇನಿಲ್ಲ. ಅಲ್ಲಿ ಎಂಆರ್‌ಪಿಯನ್ನೇ ಹಾಕಬಹುದು. 2019ರಲ್ಲಿ ಕೇಂದ್ರವು 42 ಕ್ಯಾನ್ಸರ್ ಔಷಧಗಳ ಮಾರಾಟ ಲಾಭಕ್ಕೆ ಶೇ 30ರ ಮಿತಿ ಹಾಕಬೇಕಾಯಿತು ಎಂದರೆ ಆ ಲಾಭ ಎಷ್ಟಿದ್ದಿರಬೇಕು ಎಂದು ಊಹಿಸಬಹುದು.

ತಜ್ಞವೈದ್ಯರ ಸ್ಥಿತಿಯೂ ಅಷ್ಟೇನೂ ಭದ್ರವಲ್ಲ, ಅವರ ವರಮಾನ ಕಂಡವರು ಇದನ್ನು ನಂಬಲಿಕ್ಕಿಲ್ಲ. ಕಾರ್ಪೊರೇಟ್ ಆಸ್ಪತ್ರೆಗಳ ಕನ್ಸಲ್ಟೆಂಟ್‌ಗಳಲ್ಲಿ ಬಹಳಷ್ಟು ಮಂದಿ ಸಂಬಳದ ನೌಕರರಲ್ಲ. ಕರಾರಿನ ಮೇಲೆ ವೃತ್ತಿ ಶುಲ್ಕ ಪಡೆಯುವವರು, ಪಿ.ಎಫ್. ಇಲ್ಲ, ಗ್ರಾಚ್ಯುಟಿ ಇಲ್ಲ. ಎರಡು ಆಸ್ಪತ್ರೆಗಳು ಒಂದಾದಾಗ ಎರಡು ಕ್ಯಾನ್ಸರ್ ವಿಭಾಗಗಳು ಬೇಡವಾಗುತ್ತವೆ. ಆಗ ಯಾರನ್ನೂ ತೆಗೆದುಹಾಕಬೇಕಾಗಿಲ್ಲ, ರೋಗಿಗಳು ಎಷ್ಟೇ ಬರಲಿ ವೈದ್ಯರಿಗೆ ಕೊಡುವುದಾಗಿ ಒಪ್ಪಿದ ತಿಂಗಳ ‘ಕನಿಷ್ಠ ಖಾತರಿ’ ಮೊತ್ತವನ್ನು ಮುಂದುವರಿಸದಿದ್ದರೆ ಸಾಕು. ಬಿಟ್ಟುಹೋಗುವವರು ಇಂತಿಷ್ಟು ಕಿಲೋಮೀಟರ್ ಒಳಗೆ ಕೆಲಸ ಮಾಡಬಾರದೆಂಬ ಷರತ್ತನ್ನೂ ಕೆಲವು ಕರಾರುಗಳಲ್ಲಿ ಕಾಣಬಹುದು. ಅಂಥ ನಿರ್ಬಂಧ 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಊರ್ಜಿತವಲ್ಲ. ಆದರೆ ಒಂದೇ ಸಮೂಹ ಊರಿನ ಆಸ್ಪತ್ರೆಗಳನ್ನೆಲ್ಲ ನಡೆಸುವಾಗ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿ ಮುಂದೆ ಕೆಲಸ ಹುಡುಕುವ ಧೈರ್ಯ ಎಷ್ಟು ವೈದ್ಯರಿಗಿದ್ದೀತು? ರೋಗಿಗಂತೂ ಮುಂದಿನ ಸರದಿಗೆ ಹೋದಾಗಲೇ, ‘ಆ ಡಾಕ್ಟರ್ ಈಗ ಇಲ್ಲಿ ಬರುತ್ತಿಲ್ಲ’ ಎಂಬ ಮಾತು ಕೌಂಟರಿನಲ್ಲಿ ಸಿಗುತ್ತದೆ.

ಪರಿಹಾರಕ್ಕೆ ಹೊಸ ಕಾಯ್ದೆಯನ್ನೇ ತರಬೇಕೆಂದಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಒಡೆತನ ಬದಲಾದ ಆಸ್ಪತ್ರೆಯು ಹಳೆಯ ಮತ್ತು ಹೊಸ ದರಪಟ್ಟಿಗಳೆರಡನ್ನೂ ಆ ಪ್ರಾಧಿಕಾರಕ್ಕೆ ಸಲ್ಲಿಸಬೇಕು, ಈಗಾಗಲೇ ಚಿಕಿತ್ಸೆ ಆರಂಭಿಸಿದ ಕ್ಯಾನ್ಸರ್ ರೋಗಿಗೆ ಅದು ಮುಗಿಯುವವರೆಗೆ ಹಳೆಯ ದರವನ್ನೇ ಮುಂದುವರಿಸಬೇಕು, ವೈದ್ಯರು ಬಿಟ್ಟುಹೋದರೆ ಅವರು ಈಗ ಎಲ್ಲಿ ಸಿಗುತ್ತಾರೆಂಬುದನ್ನು ರೋಗಿಗೆ ಬರಹದಲ್ಲಿ ತಿಳಿಸಬೇಕು ಎಂದು ಆರೋಗ್ಯ ಇಲಾಖೆ ನಿಯಮ ರೂಪಿಸಲಿ. ಸ್ಪರ್ಧಾ ಆಯೋಗವು ಒಪ್ಪಿಗೆ ಕೊಡುವಾಗ ಇವೇ ಷರತ್ತುಗಳನ್ನು ಹಾಕುವಂತೆ ರಾಜ್ಯ ಸರ್ಕಾರ ಪತ್ರ ಬರೆಯಲಿ.

– ನಿವೃತ್ತ ಆಸ್ಪತ್ರೆ ಲೆಕ್ಕಿಗ, ಮೈಸೂರು