ಪ್ಯಾಂಟ್ ಕತ್ತರಿಸುವ ಮೊದಲು ಒಮ್ಮೆ ಉಲ್ಟಾ ಮಾಡಿ ನೋಡಿ

ಮಾನ್ಯ ಸಂಪಾದಕರೇ,

ನಾನು ಕಲಬುರಗಿಯ ಶಹಾಬಜಾರಿನಲ್ಲಿ ಟೇಲರ್. ಬಟ್ಟೆ ತಂದು ಹೊಲಿಸುವವರು ಈಗ ಕಡಿಮೆ, ರೆಡಿಮೇಡ್ ತಂದು ಉದ್ದ ಕಡಿಮೆ ಮಾಡಿಸುವವರೇ ಜಾಸ್ತಿ. ಹೀಗಾಗಿ ಊರಿನ ಜೀನ್ಸ್ ಪ್ಯಾಂಟುಗಳ ಹೊಟ್ಟೆಯೊಳಗೆ ಏನಿದೆ ಅಂತ ದಿನಾ ನೋಡುವ ಭಾಗ್ಯ ನನ್ನದು.

ಮೊನ್ನೆ ದಾಲ್ ಮಿಲ್‌ನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಬಂದ. ತಂಗಿ ಮದುವೆಗೆ ಅಂತ 2,200 ರೂಪಾಯಿ ಕೊಟ್ಟು ಲಿವೈಸ್ ಪ್ಯಾಂಟ್ ತಂದಿದ್ದ. "ಕಾಕಾ, ಒರಿಜಿನಲ್ ಅದ, ಎಕ್ಸ್‌ಪೋರ್ಟ್ ಮಾಲು. ಎರಡು ಇಂಚು ಕಡಿಮೆ ಮಾಡ್ರಿ" ಅಂದ. ಕತ್ತರಿ ಹಿಡಿಯುವ ಮುಂಚೆ ಉಲ್ಟಾ ಮಾಡಿದೆ. ಜೇಬಿನ ಒಳಬಟ್ಟೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಸೊಂಟದ ಪಟ್ಟಿಯಲ್ಲಿ ಎರಡು ಕಡೆ ಹೊಲಿಗೆ ತಪ್ಪಿತ್ತು. ಹಿಂದಿನ ಪ್ಯಾಚ್ ಮೇಲೆ ಎರಡು ಕುದುರೆ ಪ್ಯಾಂಟನ್ನು ಎಳೆಯುವ ಚಿತ್ರ ಇರುತ್ತಲ್ಲ, ಅವು ಕುದುರೆಯೋ ಕತ್ತೆಯೋ ಗೊತ್ತಾಗದಷ್ಟು ಮಸುಕು. ಇದೆಲ್ಲ ಹೋಗಲಿ, ಪ್ಯಾಚ್ ಮೇಲೆ ಸೈಜ್ 32, ಒಳಗಿನ ಲೇಬಲ್ ಮೇಲೆ 34! ಹುಡುಗನ ಮುಖ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಜನ ನೋಡುವುದು ಹಿಂದಿನ ಜೇಬಿನ ಅಂಚಿಗೆ ಹೊಲಿದ ಕೆಂಪು ಟ್ಯಾಬ್, ಅಂದರೆ ಆ ಪುಟ್ಟ ಬಟ್ಟೆ ಚೂರು ಒಂದನ್ನೇ. ಕಾಪಿ ಮಾಡುವವರಿಗೂ ಅದು ಗೊತ್ತು, ಅದನ್ನೇ ಮೊದಲು ಚೆನ್ನಾಗಿ ಮಾಡುತ್ತಾರೆ. ತಮಾಷೆ ಏನು ಗೊತ್ತಾ, ಅಸಲಿ ಲಿವೈಸ್‌ನಲ್ಲೇ ಕೆಲವು ಟ್ಯಾಬ್‌ಗಳ ಮೇಲೆ ಹೆಸರು ಇರುವುದೇ ಇಲ್ಲ, ವೃತ್ತದೊಳಗೆ ಆರ್ ಅಂತ ಒಂದು ಗುರುತು ಮಾತ್ರ ಇರುತ್ತೆ. ಅಂಥದ್ದನ್ನು ಡ್ಯೂಪ್ಲಿಕೇಟ್ ಅಂತ ವಾಪಸ್ ಕೊಟ್ಟು ಬಂದವರೂ ಇದ್ದಾರೆ. ಇನ್ನೊಂದು ತಪ್ಪು ತಿಳಿವಳಿಕೆ, ಬಣ್ಣ ಬಿಟ್ಟರೆ ನಕಲಿ ಅನ್ನೋದು. ಜೀನ್ಸ್‌ನ ನೀಲಿ ಬಣ್ಣ ನೂಲಿನ ಮೇಲ್ಮೈಯಲ್ಲೇ ಕೂರುತ್ತೆ, ನಡುವಿನವರೆಗೆ ಇಳಿಯಲ್ಲ. ಆದ್ದರಿಂದ ಅಸಲಿಯೂ ಮೊದಮೊದಲು ಬಣ್ಣ ಬಿಡುತ್ತೆ.

ನಾನು ನೋಡುವುದು ಹೊಲಿಗೆ. ಒಳ್ಳೆ ಮಾಲಿನಲ್ಲಿ ದಾರ ದಪ್ಪ, ಹೊಲಿಗೆಯ ಒಂದೊಂದು ಟಾಕಾ ಒಂದೇ ಅಳತೆ, ಎರಡು ಸಾಲು ಹೊಲಿಗೆ ಎಲ್ಲೂ ಹತ್ತಿರ ಬರಲ್ಲ, ದೂರ ಹೋಗಲ್ಲ. ಮೇಲಿನ ಗುಂಡಿಯ ಹಿಂಭಾಗ ಒಂದು ನಂಬರ್ ಒತ್ತಿರುತ್ತಾರೆ, ಹಲವು ಅಸಲಿ ಪ್ಯಾಂಟುಗಳಲ್ಲಿ ಅದೇ ನಂಬರ್ ಒಳಗಿನ ಲೇಬಲ್‌ನಲ್ಲೂ ಸಿಗುತ್ತೆ. ಅದೊಂದನ್ನೇ ನಂಬಿ ಕೂರಬೇಡಿ, ಬೇರೆದರ ಜೊತೆ ಸೇರಿಸಿ ನೋಡಿ. ಜೇಬಿನ ಮೂಲೆಯಲ್ಲಿ ಹೊಡೆದ ಲೋಹದ ಮೊಳೆ, ಅಂದರೆ ರಿವೆಟ್, ಅದರ ಮೇಲಿನ ಅಕ್ಷರ ಉಗುರಿಗೆ ತಾಗಬೇಕು. ಅಂದಹಾಗೆ, ಜೇಬು ಹರಿಯದಂತೆ ರಿವೆಟ್ ಹೊಡೆಯುವ ಉಪಾಯ ಹುಡುಕಿದವನು ನಮ್ಮ ಹಾಗೇ ಒಬ್ಬ ಟೇಲರ್, ಅಮೆರಿಕದ ಜೇಕಬ್ ಡೇವಿಸ್. 1873ರಲ್ಲಿ ಲಿವೈ ಸ್ಟ್ರಾಸ್ ಜೊತೆ ಸೇರಿ ಅದಕ್ಕೆ ಪೇಟೆಂಟ್ ತಗೊಂಡ. ನಮಗೆ ಹೆಮ್ಮೆಯ ಸಂಗತಿ ಅಲ್ವಾ?

ಲೇಬಲ್ ಇದೆ, ಕ್ಯೂಆರ್ ಕೋಡ್ ಇದೆ ಅಂತ ವಾದ ಮಾಡುವವರಿಗೆ ನನ್ನದೇ ತಪ್ಪೊಂದು ಹೇಳುತ್ತೇನೆ. ಹತ್ತು ವರ್ಷದ ಹಿಂದೆ ಗಿರಾಕಿಯೊಬ್ಬ ದೊಡ್ಡ ಬ್ರ್ಯಾಂಡಿನ ಲೇಬಲ್ ಬಿಡಿಯಾಗಿ ತಂದು ಸಾದಾ ಶರ್ಟಿಗೆ ಹಚ್ಚಿಸಿಕೊಂಡು ಹೋದ. ಇಪ್ಪತ್ತು ರೂಪಾಯಿ ತಗೊಂಡು ಹಚ್ಚಿಕೊಟ್ಟೆ. ಐದು ನಿಮಿಷದ ಕೆಲಸ. ಕ್ಯೂಆರ್ ಕೋಡ್ ಅಂತೂ ಯಾರು ಬೇಕಾದರೂ ಪ್ರಿಂಟ್ ಹೊಡೆಯಬಹುದು, ಸ್ಕ್ಯಾನ್ ಮಾಡಿದರೆ ಕಂಪನಿಯ ವೆಬ್‌ಸೈಟೇ ತೆರೆಯುತ್ತೆ, ಅದರಿಂದ ಪ್ಯಾಂಟ್ ಅಸಲಿ ಅಂತ ಆಗಲ್ಲ.

ಕಡಿಮೆ ದುಡ್ಡಿಗೆ, ಗೊತ್ತಿದ್ದೇ ಫಸ್ಟ್ ಕಾಪಿ ತಗೊಳ್ಳುವ ಹುಡುಗರನ್ನು ನಾನು ಬೈಯಲ್ಲ. ನನ್ನ ಸಿಟ್ಟು ಕಾಪಿಯನ್ನು ಒರಿಜಿನಲ್ ಅಂತ ಸುಳ್ಳು ಹೇಳಿ, ಹೆಚ್ಚುಕಡಿಮೆ ಒರಿಜಿನಲ್ ರೇಟಿಗೇ ಮಾರುವವರ ಮೇಲೆ. "ಎಕ್ಸ್‌ಪೋರ್ಟ್ ಸರ್‌ಪ್ಲಸ್", ಅಂದರೆ ವಿದೇಶಕ್ಕೆ ಕಳಿಸಿ ಉಳಿದ ಮಾಲು, ಅಂದುಬಿಟ್ಟರೆ ಮುಗೀತು, ಎಲ್ಲ ಪ್ರಶ್ನೆಗೂ ಅದೇ ಉತ್ತರ. ಪಕ್ಕಾ ಬಿಲ್ ಕೇಳಿ ನೋಡಿ, ಮುಖ ಹೇಗೆ ಬದಲಾಗುತ್ತೆ ಅಂತ. ಅದಕ್ಕಿಂತ ಬಳ್ಳಾರಿಯಲ್ಲಿ ತಯಾರಾಗಿ ತನ್ನದೇ ಹೆಸರಲ್ಲಿ ಬರುವ ಜೀನ್ಸ್ ಎಷ್ಟೋ ಮೇಲು. ಆರುನೂರು ಏಳುನೂರಕ್ಕೆ ಸಿಗುವ ಅಂಥ ಪ್ಯಾಂಟುಗಳನ್ನು ಬಿಚ್ಚಿ ಹೊಲಿದಿದ್ದೇನೆ, ಹೊಲಿಗೆ ಗಟ್ಟಿ ಇರುತ್ತೆ.

ಕಾನೂನು ಇಲ್ಲ ಅಂತೇನಿಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ ನಕಲಿ ಗುರುತಿನ ಮಾಲು ಮಾರಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಮೋಸ ಹೋದವರು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದರೆ ಬಿಲ್ ಇಲ್ಲದೆ ದೂರು ಕೊಟ್ಟರೆ ಅಂಗಡಿಯವರು "ನಮ್ಮ ಮಾಲೇ ಅಲ್ಲ" ಅಂತಾರೆ. ಹಬ್ಬದ ಸೀಸನ್‌ನಲ್ಲಿ ಅಧಿಕಾರಿಗಳು ಒಂದು ಸುತ್ತು ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಬಂದು, ಬಿಲ್ ಕೊಡುತ್ತಿದ್ದಾರಾ ಅಂತಷ್ಟೇ ನೋಡಿದರೂ ಸಾಕು. ಮತ್ತೆ ಗಿರಾಕಿಗಳಿಗೆ ಒಂದು ಮಾತು: ಟ್ಯಾಗ್ ಕೀಳಬೇಡಿ, ನನ್ನಂಥವರ ಹತ್ತಿರ ಕತ್ತರಿ ಹಾಕಿಸುವ ಮೊದಲೇ ಉಲ್ಟಾ ಮಾಡಿ ನೋಡಿ. ಕತ್ತರಿಸಿದ ಮೇಲೆ ಯಾವ ಅಂಗಡಿಯೂ ವಾಪಸ್ ತಗೊಳ್ಳಲ್ಲ.

ಆ ಹುಡುಗನ ಪ್ಯಾಂಟ್ ನಾನು ಕತ್ತರಿಸಲಿಲ್ಲ. ವಾಪಸ್ ಒಯ್ದ. ಅಂಗಡಿಯವರು ದುಡ್ಡು ಕೊಡದೆ ಎರಡು ಟೀ ಶರ್ಟ್ ಕೊಟ್ಟು ಕಳಿಸಿದರಂತೆ. ಮರುದಿನ ಅವನ್ನು ತಂದು ಮಷೀನ್ ಮೇಲಿಟ್ಟು "ಕಾಕಾ, ಇವಾದ್ರೂ ಒರಿಜಿನಲ್ ಅವಾ ನೋಡ್ರಿ" ಅಂದ. ಎದೆ ಮೇಲೆ ಲಾಕೋಸ್ಟ್ ಕಂಪನಿಯ ಗುರುತಾದ ಮೊಸಳೆ ಇತ್ತು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

ಒಬ್ಬ ಟೇಲರ್,
ಶಹಾಬಜಾರ್, ಕಲಬುರಗಿ