ಜೀಗುಜ್ಜೆ ಸುಟ್ಟು ಕೊಟ್ಟ ಅಜ್ಜಿಗೆ, ಮತ್ತೆ ಕೆಲವರಿಗೆ

ಕಾಲಿನ ಬ್ಯಾಂಡೇಜನ್ನು ಮೊನ್ನೆ ಬಿಚ್ಚಿದರು. ಅಂಗಾಲಿನಲ್ಲಿ ಉಳಿದಿರುವುದು ಹೆಬ್ಬೆರಳುದ್ದದ ಗೀರು ಮಾತ್ರ. ಹಾಯಿದೋಣಿಯ ಸಮುದ್ರಯಾನ ಮುಗಿಸಿ ಊರಿಗೆ ಬಂದಾಗಿನಿಂದ ಎಲ್ಲರೂ ಕೇಳುವುದು ತಿಮಿಂಗಿಲ ಕಂಡಿತೇ, ಬಿರುಗಾಳಿಗೆ ಸಿಕ್ಕಿದೆಯಾ ಎಂದು. ಎರಡೂ ಇಲ್ಲ. ಆದರೆ ಕೆಲವರ ಋಣ ಹೊತ್ತು ಬಂದಿದ್ದೇನೆ, ಅದನ್ನು ಹೇಳಿಬಿಡಬೇಕು.

ಪೆಸಿಫಿಕ್ ಸಾಗರದಲ್ಲಿ ಗಲಾಪಗೋಸ್ ದ್ವೀಪಗಳಿಂದ ಮಾರ್ಕೇಸಸ್ ದ್ವೀಪಗಳಿಗೆ ಸುಮಾರು 3,000 ನಾಟಿಕಲ್ ಮೈಲಿ, ಅಂದರೆ ಸುಮಾರು 5,500 ಕಿಲೋಮೀಟರ್. ನಡುವೆ ಕಾಲೂರಲು ಒಂದು ಬಂಡೆಯೂ ಇಲ್ಲ. 12 ಮೀಟರಿನ ಹಾಯಿದೋಣಿಯಲ್ಲಿ ಅದರ ಯಜಮಾನ ದಂಪತಿ, ಮೂರನೆಯವನು ನಾನು. ಇಬ್ಬರಿಗೂ ಅರವತ್ತು ದಾಟಿದೆ. ಹದಿನಾಲ್ಕನೆಯ ದಿನ ಬರಿಗಾಲಲ್ಲಿ ಡೆಕ್ ಮೇಲೆ ಓಡಿ ಅಂಗಾಲು ಸೀಳಿಕೊಂಡೆ. ಚಪ್ಪಲಿ ಹಾಕಿಕೋ ಎಂದು ಆಕೆ ಹೊರಟ ದಿನವೇ ಹೇಳಿದ್ದರು. ಉಪ್ಪುನೀರಿನ ಪಸೆಯಲ್ಲಿ ಗಾಯ ಒಣಗಲಿಲ್ಲ, ಕೀವಾಯಿತು, ಜ್ವರ ಏರಿತು. ಸಾಲದ್ದಕ್ಕೆ ಸ್ವಯಂಚಾಲಿತ ಚುಕ್ಕಾಣಿಯೂ ಕೈಕೊಟ್ಟಿತು. ಆಮೇಲಿನ ಹತ್ತು ದಿನ ಅವರಿಬ್ಬರೇ ಮೂರು ಮೂರು ಗಂಟೆಯ ಪಾಳಿಯಲ್ಲಿ ಹಗಲೂ ರಾತ್ರಿ ಚುಕ್ಕಾಣಿ ಹಿಡಿದರು. ಪಾಳಿ ಮುಗಿಸಿ ಒಳಗೆ ಬಂದವರು ತಾವು ಮಲಗುವ ಮೊದಲು ನನ್ನ ಹಣೆ ಮುಟ್ಟಿ ನೋಡುತ್ತಿದ್ದರು. ಹಗ್ಗ ಎಳೆದು ಎಳೆದು ಒರಟಾದ, ಉಪ್ಪು ಹತ್ತಿದ ಕೈ.

ಕೊನೆಗೆ ನಾವು ಮುಟ್ಟಿದ, ಮಾರ್ಕೇಸಸ್‌ನ ಹಿವಾ ಓವಾ ದ್ವೀಪದ ಸುತ್ತ ಅಲೆ ತಡೆಯುವ ಹವಳದ ದಿಬ್ಬವಿಲ್ಲ. ಹಿಂದೊಂದು ಮುಂದೊಂದು ಲಂಗರು ಬಿಟ್ಟರೂ ದೋಣಿ ಹೊಯ್ದಾಡುತ್ತಲೇ ಇರುತ್ತದೆ. ದಡಕ್ಕೆ ದಾಟುವುದು ನನ್ನಿಂದಾಗದೆ ಕುಳಿತಾಗ, ತೋಳಿನ ತುಂಬ ಹಚ್ಚೆಯಿದ್ದ ಹುಡುಗನೊಬ್ಬ ಬಂದು ಅಕ್ಕಿ ಮೂಟೆಯಂತೆ ಹೆಗಲ ಮೇಲೆ ಹಾಕಿಕೊಂಡು ನಡೆದ. ಅಲ್ಲಿನ ಆಟುವೋನಾ ಊರಿನ ನರ್ಸಮ್ಮನಿಗೆ ಫ್ರೆಂಚ್, ನನಗೆ ಕಿರುಚಾಟ. ಆದರೂ ಕೀವು ಪೂರ್ತಿ ತೆಗೆದರು.

ಆಮೇಲೆ ಒಂಬತ್ತು ದಿನ ನನ್ನನ್ನು ಇಟ್ಟುಕೊಂಡದ್ದು ಒಬ್ಬ ಅಜ್ಜಿ. ಮೊದಲ ಸಂಜೆ ಅವರು ಕೆಂಡದ ಮೇಲಿಟ್ಟದ್ದನ್ನು ಕಂಡು ಎದ್ದು ಕುಳಿತೆ: ನಮ್ಮ ಉಡುಪಿಯ ಹಿತ್ತಿಲಿನ ಜೀಗುಜ್ಜೆ, ಅಂದರೆ ದೀವಿಹಲಸು! ಅವರ ಬಾಯಲ್ಲಿ ಅದು ಮೇಯಿ. ಇಡೀ ಕಾಯಿಯ ಸಿಪ್ಪೆ ಕರಿಯಾಗುವವರೆಗೆ ಸುಟ್ಟು, ಸುಲಿದು, ಕಲ್ಲಿನ ಗುಂಡಿನಿಂದ ಜಜ್ಜಿ ತೆಂಗಿನ ಹಾಲು ಸುರಿದು ಕೊಟ್ಟರು. ಹೊಗೆಯ ವಾಸನೆ, ಮೇಲೆ ಹಾಲಿನ ಸಿಹಿ. ಬಿಸಿ ಆರುವವರೆಗೂ ಕಾಯಲಾಗಲಿಲ್ಲ. ಹೊರಡುವ ಮುಂಚೆ ನಾನೂ ಜೀಗುಜ್ಜೆ ಪೋಡಿ ಕರಿದುಕೊಟ್ಟೆ. ಅಕ್ಕಿಹಿಟ್ಟಿಲ್ಲದೆ ಮೈದಾದಲ್ಲಿ ಅದ್ದಿದ್ದೆ. ಅಜ್ಜಿ ಮರ್ಯಾದೆಗೆ ಎರಡು ತಿಂದು ಮೂರನೆಯದನ್ನು ಬೆಕ್ಕಿಗೆ ಹಾಕಿದರು.

ಅಲ್ಲಿಗೂ ಇಲ್ಲಿಗೂ ಸರಿಯಾಗಿ 15 ಗಂಟೆ ವ್ಯತ್ಯಾಸ. ಅಲ್ಲಿನ ಬೆಳಗಿನ ಏಳೆಂದರೆ ನಮ್ಮಲ್ಲಿ ರಾತ್ರಿ ಹತ್ತು. ಎಂಟೂವರೆಗೆ ಮಲಗುವ ಅಮ್ಮ ಅಷ್ಟೂ ರಾತ್ರಿ ನನ್ನ ಕರೆಗೆ ಕಾದಿದ್ದರು. ಅದಕ್ಕೂ ಮೊದಲು, ಕರೆಯೇ ಇಲ್ಲದ 26 ದಿನ, ಪ್ರತಿ ಸಂಜೆ ಬಂದು ಮೊಬೈಲಿನ ನಕ್ಷೆಯಲ್ಲಿ ನಮ್ಮ ದೋಣಿಯ ಚುಕ್ಕಿ ತೋರಿಸಿ ಹೋದ ಪಕ್ಕದ ಮನೆಯ ಹುಡುಗಿಗೆ ಈ ಮಾತು ತಲುಪಲಿ: ನಿನ್ನ ಉಪಕಾರವನ್ನು ಅಮ್ಮ ದಿನಕ್ಕೊಮ್ಮೆ ನೆನೆಯುತ್ತಾರೆ, ನಾನೂ.

ದಂಪತಿ ಚುಕ್ಕಾಣಿ ರಿಪೇರಿ ಮಾಡಿಸಿಕೊಂಡು ತುವಾಮೋಟು ದ್ವೀಪಗಳತ್ತ ಹೊರಟಿದ್ದಾರಂತೆ. ನನ್ನ ಚಪ್ಪಲಿ ಅವರ ದೋಣಿಯಲ್ಲೇ ಇದೆ. ಎಸೆಯಬೇಡಿ ಎಂದು ಬರೆದಿದ್ದೇನೆ.