ಆ ಹಿಂಬಾಗಿಲ ಬೀಗ ತೆಗೆಸಿ

ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ. ಎರಡು ಎಕರೆಯ ಪೋಡಿ ಮಾಡಿಸಲು, ಅಂದರೆ ಜಮೀನು ಅಳೆಸಿ ದಾಖಲೆಯಲ್ಲಿ ಬೇರೆ ಮಾಡಿಸಲು, ಮೂರು ವರ್ಷದಿಂದ ಒಂದು ಸರ್ಕಾರಿ ಕಚೇರಿಗೆ ಅಲೆಯುತ್ತಿದ್ದೇನೆ. ಅಲೆದೂ ಅಲೆದೂ ಅಲ್ಲಿನ ಮೂಲೆ ಮೂಲೆ ನನಗೆ ಗೊತ್ತಾಗಿದೆ.

ಕಳೆದ ಜುಲೈ. ಜಡಿಮಳೆ. ಗೋಡೆಯೆಲ್ಲ ಒದ್ದೆ. ರೆಕಾರ್ಡ್ ರೂಮಿನ ಹೊರಗಿನ ಮೀಟರ್ ಬೋರ್ಡಿನಲ್ಲಿ ಚಟಚಟ ಸದ್ದು ಬಂತು, ಹಿಂದೆಯೇ ಹೊಗೆ. ಕಾರಿಡಾರಿನಲ್ಲಿ ನಲವತ್ತು ಜನ ಇದ್ದೆವು. ಒಂದು ಕಡೆ ಬೀರುಗಳು, ಇನ್ನೊಂದು ಕಡೆ ಫೈಲಿನ ಕಟ್ಟುಗಳು. ನಡುವೆ ಒಬ್ಬರು ನುಸುಳುವಷ್ಟು ಜಾಗ. ಹಿಂಬಾಗಿಲಿಗೆ ಓಡಿದರೆ ಸರಪಳಿ ಸುತ್ತಿ ಬೀಗ! ಕೀಲಿ ಅವತ್ತು ರಜೆ ಹಾಕಿದವರ ಹತ್ತಿರ. ಪಿಂಚಣಿ ಕೇಳಲು ಬಂದಿದ್ದ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು "ಮಗಾ, ಬಾಗ್ಲು ತೆಗ್ಸೋ" ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ. ಬೆಂಕಿ ಆರಿಸುವ ಸಿಲಿಂಡರ್ ಒತ್ತಿದರೆ ಏನೂ ಬರಲಿಲ್ಲ. ಚೀಟಿಯಲ್ಲಿ ಕೊನೆಯ ರೀಫಿಲ್ 2016 ಎಂದಿತ್ತು. ಯಾರೋ ಕೊಡದಲ್ಲಿ ನೀರು ತಂದರು. ಕರೆಂಟಿನ ಬೆಂಕಿಗೆ ನೀರು ಎರಚಿದ್ದರೆ ಎರಚಿದವರೇ ಹೋಗುತ್ತಿದ್ದರು. ಅಟೆಂಡರ್ ಒಬ್ಬರು ನುಗ್ಗಿ ಮೇನ್ ಸ್ವಿಚ್ ಇಳಿಸಿದರು. ಅವರಿಂದ ಬದುಕಿದೆವು.

ಎರಡು ಸಲ ಅರ್ಜಿ ಕೊಟ್ಟೆ. ಹೋದ ವಾರ ನೋಡಿದೆ. ಬೋರ್ಡಿಗೆ ಟೇಪ್ ಸುತ್ತಿದ್ದಾರೆ, ಅಷ್ಟೇ. ಸಿಲಿಂಡರ್ ಅದೇ. ಬೀಗವೂ ಅದೇ. ಆ ಬೀಗ ತೆಗೆಸಿ.

ನಿಯಮ ನಿಮಗೆ ಗೊತ್ತಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಇರುವುದೇ ಬೆಂಕಿಯಿಂದ ಜೀವ ಉಳಿಸುವುದಕ್ಕೆ. 2010ರಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದ್ದರು. 2023ರ ಆಗಸ್ಟ್‌ನಲ್ಲಿ ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಪ್ರಯೋಗಾಲಯದಲ್ಲೇ ಬೆಂಕಿ ಬಿದ್ದು ನೌಕರರು ಸುಟ್ಟುಕೊಂಡರು. ಇನ್ನೆಷ್ಟು ಆಗಬೇಕು ಹೇಳಿ? ಹೋಟೆಲಿನವರ ಹತ್ತಿರ ಅಗ್ನಿಶಾಮಕ ಇಲಾಖೆಯ ಕಾಗದ ಕೇಳುತ್ತೀರಿ. ನಿಮ್ಮ ಕಟ್ಟಡಗಳನ್ನು ಯಾರು ಕೇಳಬೇಕು?

ಜಿಲ್ಲೆಯ ಎಲ್ಲ ಸರ್ಕಾರಿ ಕಟ್ಟಡಗಳಿಗೂ ಮಳೆಗಾಲಕ್ಕೆ ಮುಂಚೆ ಅಗ್ನಿಶಾಮಕದವರನ್ನೂ ವಿದ್ಯುತ್ ಪರಿವೀಕ್ಷಕರನ್ನೂ ಕಳಿಸಿ. ಯಾವಾಗ ನೋಡಿದರು, ಏನು ಕಂಡರು ಎಂದು ಬಾಗಿಲಲ್ಲೇ ಬರೆಸಿ, ನಮಗೂ ಕಾಣಲಿ. ಕಾರಿಡಾರಿನ ಬೀರುಗಳನ್ನು ಎತ್ತಿಸಿ. ನನ್ನ ಪೋಡಿ ಇನ್ನೂ ತಡವಾದರೆ ಕಾಯುತ್ತೇನೆ, ಕಾದು ಅಭ್ಯಾಸವಾಗಿದೆ. ಹಿಂಬಾಗಿಲ ಬೀಗ ಮಾತ್ರ ಈ ವಾರವೇ ತೆಗೆಸಿ.

ಇಂತಿ,
ಮೂಡಿಗೆರೆ ತಾಲೂಕಿನ ಒಬ್ಬ ಬೆಳೆಗಾರ